ಉಂಗುರ ಬೆರಳು

ಎಡಗೈಯ ಉಂಗುರ ಬೆರಳು ಕೊಡಿ ಅಂದರೆ
ಮೊಳಕಾಲ್ಮೂರಿನ ನೇಕಾರರ ಓಣಿಯ ಹೆಂಗಸರು ನಗುತ್ತಿದ್ದರು.
ಸೂಜಿ ಚುಚ್ಚಿ, ಗಾಜಿನ ಮೇಲೆ ಒಂದು ತೊಟ್ಟು,
ಪೆನ್ಸಿಲಿನಲ್ಲಿ ನಂಬರು,
ಬಾಗಿಲ ಹಿಂದಿನ ಸುಣ್ಣದ ಗೋಡೆಗೆ ತಾರೀಖು, ನನ್ನ ಸಹಿ.
ಹದಿನೈದು ದಿನಕ್ಕೊಮ್ಮೆ ಬರುವ ನನಗೆ
ಮಕ್ಕಳಿಟ್ಟ ಹೆಸರು ಜ್ವರದ ಮಾವ.

ಆ ವರ್ಷ ಬಾವಿಗಳಿಗೆ ಗಪ್ಪಿ ಮೀನು ಬಿಟ್ಟಾಗಿತ್ತು.
ಗೋಡೆಗಳಿಗೆ ಔಷಧಿ ಹೊಡೆದದ್ದು ಎರಡು ಸುತ್ತು.
ಆದರೂ ಓಣಿಯಿಂದ ಬಂದ ಗಾಜುಗಳಲ್ಲಿ
ನೂರಕ್ಕೆ ಹನ್ನೊಂದು.
ಪಕ್ಕದ ಹಟ್ಟಿಯಲ್ಲಿ, ಅದೇ ಬಾವಿ, ಅದೇ ಗಾಳಿ,
ಒಂದು.

ನಕ್ಷೆ ಬರಿ ಅಂದರು ಡಾಕ್ಟರು.
ಡ್ರಾಯಿಂಗ್ ಹಾಳೆ ತಂದೆ. ಗುರುತಿಗೆ
ಹೆಂಡತಿಯ ಸ್ಟಿಕ್ಕರ್ ಬೊಟ್ಟು,
ಚಳಿಜ್ವರದ ಮನೆಗೊಂದು.
ತಿಂಗಳೊಪ್ಪತ್ತಿನಲ್ಲಿ ಓಣಿಗೆ ಓಣಿಯೇ ಮುತ್ತೈದೆಯಾಯಿತು.
ಕಾರಣ ಮಾತ್ರ ಹಾಳೆಯ ಮೇಲಿರಲಿಲ್ಲ.

ಅದು ಸಿಕ್ಕಿದ್ದು ಬನಶಂಕ್ರವ್ವನ ಮನೆಯಲ್ಲಿ.
ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತವಳು
ಲಾಳಿ ಎಸೆಯುತ್ತಲೇ
ಒಂದು ಕಾಲಿಂದ ಇನ್ನೊಂದನ್ನು ಉಜ್ಜಿಕೊಂಡಳು.
ಬ್ಯಾಟರಿ ಬಿಟ್ಟೆ.
ರೇಷ್ಮೆ ಎಳೆ ತುಂಡಾಗದಿರಲೆಂದು ನೀರು ಚಿಮುಕಿಸಿದ ಗುಂಡಿ,
ತಣ್ಣಗೆ, ಕತ್ತಲೆ.
ಒಳಮೈಗೆ ತಲೆ ಊರಿ, ಹಿಂಭಾಗ ಎತ್ತಿ
ಸಾಲುಸಾಲು ಸೊಳ್ಳೆ. ಹೊಟ್ಟೆಯೆಲ್ಲ ಕೆಂಪು.

"ಔಷಧಿಯೋರು ಇಲ್ಲಿಗೆ ಹೊಡೀಲಿಲ್ವಾ?"
"ಹೊಡಿಯಾಕೆ ಬಿಡ್ತೀವಾ? ಹಾಸಿನ ಮ್ಯಾಲೆ ಒಂದು ಹನಿ ಬಿದ್ರೆ
ಸಾವ್ಕಾರ ಕೂಲಿ ಮುರ್ಕೊಂತಾನೆ."

ಅಲ್ಲಿಂದ ನಮ್ಮ ಪಂಪು
ಸರ್ಕಾರದ ಕ್ಯಾಲೆಂಡರು ಬಿಟ್ಟು ಹಾಸಿನ ಲೆಕ್ಕ ಹಿಡಿಯಿತು.
ಮೂರು ಸೀರೆ ಇಳಿದು, ಹೊಸ ಹಾಸು ಕೆಚ್ಚುವ ಮುನ್ನ
ಮಗ್ಗ ಸುಮ್ಮನಿರುವ ಒಂದೇ ಒಂದು ಮಧ್ಯಾಹ್ನ.
ನೂರ ನಲವತ್ತು ಮಗ್ಗ.
ನೂರ ನಲವತ್ತು ಮಧ್ಯಾಹ್ನ, ಬೇರೆ ಬೇರೆ.
ಮೇಲಿನವರು ವರದಿಯ ಅಂಕಣದಲ್ಲಿ ಇದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ
ಎರಡು ಸಲ ವಾಪಸು ಕಳಿಸಿದರು.

ಬನಶಂಕ್ರವ್ವನ ಗಾಜು ನೋಡಿದವನೂ ನಾನೇ,
ಆರೋಗ್ಯ ಕೇಂದ್ರದ ಕಿಟಕಿಯ ಬೆಳಕಲ್ಲಿ.
ರಕ್ತದ ಕಣದೊಳಗೆ ಉಂಗುರ,
ಹರಳು ಸಮೇತ.
ಮೂವತ್ತು ವರ್ಷ ಊರೂರಿನ ಧಾರೆಗೆ ಸೀರೆ ನೇಯ್ದವಳು,
ತಾನು ಹಸೆಮಣೆ ಏರದವಳು.
ಕಂಡದ್ದನ್ನು ಹೇಳಲಿಲ್ಲ.
ಹದಿನಾಲ್ಕು ದಿನ ನುಂಗು, ಬರಿ ಹೊಟ್ಟೆಗೆ ಬೇಡ ಅಂದೆ, ಅಷ್ಟೆ.

ಮಾತ್ರೆ ಸೆರಗಿಗೆ ಕಟ್ಟಿಕೊಂಡು
ಬೆರಳು ನೋಡಿಕೊಂಡಳು:
"ಅದ್ಯಾಕೆ ಯಾವಾಗ್ಲೂ ಇದೇ ಬೆರಳು?"
"ಇದಕ್ಕೆ ಕೆಲಸ ಕಡಿಮೆ, ಅದಕ್ಕೆ."

"ಮಗ್ಗದಾಗೆ ಅಲ್ಲ ಕಣಪ್ಪ" ಅಂದಳು,
ಗುಂಡಿಗೆ ಇಳಿಯುತ್ತ.