ಜಿನ್ನು

ಪಾಳಿ ಬಿಟ್ಟ ಮೇಲೆ ಖಾಸಿಂಬಿ
ಸೆರಗು ಕೊಡವುತ್ತ ಬರುತ್ತಿದ್ದಳು ನಮ್ಮ ಓಣಿಗೆ.
ಹುಬ್ಬಿಗೆ ಅರಳೆ, ರೆಪ್ಪೆಗೆ ಅರಳೆ,
ಇಪ್ಪತ್ತೆಂಟಕ್ಕೇ ನೆರೆತ ತಲೆ;
ಬಚ್ಚಲಿಗೆ ಹೋಗಿ ಬಂದರೆ ಮತ್ತೆ ಹರೆಯ.
ಎಲ್ಲಿಗೆ ಹೋಗಿದ್ದಿ ಚಾಚೀ, ಅಂದರೆ
"ಎಲ್ಲಿಗಿ? ಜಿನ್ನಿಗಿ" ಅನ್ನುವಳು.

ನನಗಾಗ ಆರು.
ಜಿನ್ನೆಂದರೆ ದರ್ಗಾದ ಹಿಂದಿನ ಹುಣಸೆಮರದಲ್ಲಿ ಇರುವುದು,
ಹೊತ್ತು ಮುಳುಗಿದ ಮೇಲೆ ಕೂದಲು ಬಿಟ್ಟು ನಡೆದವರ
ಬೆನ್ನು ಹತ್ತುವುದು,
ಅತ್ತರಿನ ವಾಸನೆಗೆ ಸೋಲುವುದು.
ಅದು ಹಾಜರಿ ಹಾಕುತ್ತದೆ,
ಶನಿವಾರಕ್ಕೊಮ್ಮೆ ಬಟವಾಡೆ ಮಾಡುತ್ತದೆ,
ಬೆಳಗಿನ ಆರಕ್ಕೆ ಅರ್ಧ ರಾಯಚೂರಿಗೆ ಕೇಳುವಂತೆ
ಸೈರನ್ ಊದುತ್ತದೆ ಎಂಬುದು
ಹೊಸ ಸುದ್ದಿ.

ಈಗ ಅದೇ ಜಿನ್ನಿನಲ್ಲಿ ನನ್ನದು ಕಾಟಾದ ಕೆಲಸ.
ಲಾರಿ ಬಂದರೆ ತೂಕ ಬರೆಯುತ್ತೇನೆ, ಬರದಿದ್ದರೆ
ತೀನ್ ಕಂದೀಲಿನ ಫುಟ್‌ಪಾತಿನಲ್ಲಿ ನಲವತ್ತು ರೂಪಾಯಿಗೆ ಕೊಂಡ
ಇಂಗ್ಲಿಷ್ ಡಿಕ್ಷನರಿ ತೆಗೆಯುತ್ತೇನೆ.
ರಟ್ಟಿಲ್ಲ. ಜಿ ಅಕ್ಷರದ ಹಾಳೆಗಳಿಗೆ ಯಾರದೋ ಮಿರ್ಚಿಯ ಎಣ್ಣೆ.
ಆ ಕಲೆಯ ನಡುವೆ ಸಿಕ್ಕಿತು, ಮೂರೇ ಅಕ್ಷರ.

ಮೊದಲು, ಮೊಲ ಹಿಡಿಯುವ ಉರುಲು.
ಆಮೇಲೆ, ಭಾರ ಎತ್ತಲು ನಿಲ್ಲಿಸುವ ಮೂರು ಕಾಲು.
ಆಮೇಲೆ ನಮ್ಮದು, ಹತ್ತಿಯಿಂದ ಬೀಜ ಬಿಡಿಸುವುದು.
ಇಂಜಿನ್ ಅನ್ನುವ ಮಾತಿನ ತಲೆ ಹಾರಿಸಿದರೆ ಉಳಿದದ್ದೇ ಇದಂತೆ.
ಅದಕ್ಕೂ ಹಿಂದೆ, ಲ್ಯಾಟಿನ್ನಿನಲ್ಲಿ,
ಹುಟ್ಟಿನಿಂದ ಬಂದ ಜಾಣತನ.
ಕುಡಿಯುವ ಜಿನ್ನಿನದು ಬೇರೆ ಮನೆತನ:
ಯಾವುದೋ ಚಳಿನಾಡಿನ ಪೊದೆ, ಅದರ ಕಾಯಿ,
ಡಚ್ಚರ ಬಾಯಲ್ಲಿ ಉದ್ದನೆಯ ಹೆಸರು,
ಇಂಗ್ಲಿಷರ ಬಾಯಿಗೆ ಬರುವಷ್ಟರಲ್ಲಿ ಬಾಲ ಹೋಯಿತು.
ಒಂದಕ್ಕೆ ತಲೆಯಿಲ್ಲ, ಒಂದಕ್ಕೆ ಬಾಲವಿಲ್ಲ.
ಎರಡು ಮೋಟುಗಳು ಒಂದೇ ಹೆಸರು ಹೊತ್ತು
ಒಂದೇ ಹಾಳೆಯಲ್ಲಿ ಕೂತಿವೆ,
ಬಸ್ಸಿನಲ್ಲಿ ಪಕ್ಕಪಕ್ಕ ಸೀಟು ಸಿಕ್ಕವರ ಹಾಗೆ.

ಹುಣಸೆಮರದ್ದು ಆ ಪುಟದಲ್ಲಿರಲಿಲ್ಲ.
ಗೇಟಿನ ಶರ್ಫೋದ್ದೀನ್ ಎರಡು ವರ್ಷ ಮದ್ರಸಾ ಓದಿದವನು.
ಒಳಗೆ ಹತ್ತಿ; ಬೀಡಿ ಹಚ್ಚದೆ
ಬರೇ ಬೆರಳಲ್ಲಿ ಹೊರಳಿಸುತ್ತ ಹೇಳಿದ:
"ಅರಬಿದಾಗ ಅದರ ಬೇರು ಅಂದ್ರ, ಮರಿಯಾಗಿರೋದು.
ಬಸಿರಾಗಿನ ಕೂಸಿಗೂ ಅದೇ ಬೇರು, ಸ್ವರ್ಗದ ತ್ವಾಟಕ್ಕೂ ಅದೇ,
ತಲಿ ಕೆಟ್ಟವಗೂ ಅದೇ."

ಆಫೀಸಿನಲ್ಲಿ ಝೂಮರಲಾಲ್ ಶೇಠರ ಗದ್ದಿಯ ಮೇಲೆ
ಜಿನನ ಪಟ. ತನ್ನನ್ನು ತಾನು ಗೆದ್ದವನು.
ಇಷ್ಟೊಂದು ಹತ್ತಿಯ ನಡುವೆ
ಒಂದೆಳೆ ನೂಲೂ ಬೇಡದೆ ನಿಂತವನು.
ಅವನನ್ನು ಈ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ
ತಿಳಿಯದೆ ಬಿಟ್ಟಿದ್ದೇನೆ.

ಐತವಾರ ಖಾಸಿಂಬಿಯ ಮನೆಗೆ ಹೋದೆ
ಇದೆಲ್ಲ ಹೇಳಲೆಂದೇ.
ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು.
ಎಡಗೈಯ ಎರಡು ಬೆರಳು
ಮೊದಲ ಗೆಣ್ಣಿಗೇ ಮುಗಿಯುತ್ತವೆ.
ಜಾಣತನ ಅಂತ ಅದರ ಅರ್ಥ, ಅಂದೆ.
ಸೊಪ್ಪು ಬಿಟ್ಟು ನಕ್ಕಳು:
"ಜಾಣತನಾ? ಅಷ್ಟು ಜಾಣ ಇದ್ದಿದ್ರ
ಬೀಜ ಯಾವುದು, ಬಟ್ಟು ಯಾವುದು
ಗೊತ್ತಾಗ್ತಿದ್ದಿಲ್ಲೇನು ಅದಕ?"
ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ.
ಅಷ್ಟು ವರ್ಷ ಉಸಿರಿನ ಜೊತೆ ಒಳಗೆ ಹೋದದ್ದು
ಎದೆಯಲ್ಲೆಲ್ಲೋ ಮರೆಯಾಗಿ ಕೂತು,
ಹೆಸರು ಹಿಡಿದು ಕರೆದೆವಲ್ಲ,
ಓಗೊಡುತ್ತಿತ್ತು.
ನಾನು ಬೆನ್ನು ತಿಕ್ಕಿದೆ.

ನೀರು ಕುಡಿದು, ಕಣ್ಣೊರೆಸಿಕೊಂಡು,
"ಮುಂದ? ಅದರ ಮುಂದಿನ ಮಾತು ಏನದ ನಿನ್ನ ಬುಕ್ಕಿನಾಗ?"
ಬೆರಳಿಟ್ಟು ಕೆಳಗಿನ ಸಾಲು ಓದಿದೆ.
ಶುಂಠಿ.
ಇಂಗ್ಲಿಷಿನ ಆ ಹೆಸರೂ ನಮ್ಮ ದಕ್ಷಿಣದಿಂದಲೇ
ಹಡಗು ಹತ್ತಿ ಹೋದದ್ದಂತೆ ಚಾಚೀ, ಅನ್ನುವಷ್ಟರಲ್ಲಿ
"ಹುಚ್ಚೀ, ಅದನ್ನ ಮೊದ್ಲ ಓದಬಾರ್ದೇನು" ಅನ್ನುತ್ತ
ಗೋಡೆ ಹಿಡಿದು ಎದ್ದು ಒಲೆಯ ಕಡೆ ಹೋದಳು.
ಕುಟ್ಟುವ ಸದ್ದು ಬಂತು.