ಎಡಗಡೀ ಬಾಗಲಾ

ಆರು ವರ್ಷ ಎಡಗಡೀ ಬಾಗಲಾ ನಂದು.
ಅದರ ಚಿಲಕಕ್ಕ ಸೈಕಲ್ ಟ್ಯೂಬು ಸುತ್ತಿದವ ನಾ,
ತಗಡಿನ್ಯಾಗಿನ ತೆಗ್ಗು ನನ್ನ ಅಂಗೈ ಬಡದು ಬಡದು ಬಿದ್ದದ್ದು.
ಒಮ್ಮಿ ಬಡದ್ರ ನಿಲ್ಲು,
ಎರಡು ಸಲಾ ಬಡದ್ರ ಹೋಗ್ಲಿ,
ಬಡದೇ ಬಡದ್ರ
ಯಾವನೋ ಸೈಕಲ್ಲಿನವ ಗಾಲಿ ಹತ್ರ ಬಂದಾನ.

ಸೇಡಮ್ಮಿನಿಂದ ಬೀದರಿನ ತನಕ
ಎಡಗಡಿ ಏನೇನದ ಕೇಳ್ರಿ, ಕಣ್ಣು ಮುಚ್ಚಿ ಹೇಳ್ತೀನಿ:
ಮಳಖೇಡದ ಹೊಳಿ ದಾಟಿದ ಕೂಡ್ಲೇ ಒಡದ ಮೋರಿ,
ಕುರಿಕೋಟಾ ಸೇತುವೆಕಿಂತ ಮೊದಲ ಬಾಗಿದ ಜಾಲಿ,
ಕಿನ್ನಿ ಸಡಕಿನ ಟೈರ್ ಅಂಗಡಿ,
ಬೋರ್ಡಿನ ಮ್ಯಾಲ ‘ಪಂಚ’ ಅಷ್ಟೇ,
ಉಳಿದದ್ದಕ್ಕ ತಗಡು ಸಾಕಾಗಿಲ್ಲ.
ಬಲಗಡಿ ಏನದ?
ಬಲಗಡಿ ಉಸ್ತಾದ ಇದ್ದ.
ಅವನಿಂದ ಅತ್ಲಾಗ ನಾ ನೋಡೇ ಇಲ್ಲ.

ಹೆವಿ ಲೈಸೆನ್ಸು ಟಪಾಲಿನ್ಯಾಗ ಬಂತು.
ಫೋಟೋದಾಗ ಕನ್ಯಾ ನೋಡ್ಲಕ ಹೊಂಟವನ ಮೋತಿ.
ಅವ್ವ ಅದನ್ನ ಹಿಂದ ಮುಂದ ಹೊರಳಿಸಿ
‘ಇಷ್ಟೇನಾ? ಇಷ್ಟಕ್ಕ ಹನ್ನೊಂದು ಸಾವಿರಾ?’ ಅಂದು
ಜ್ವಾಳದ ಹಿಟ್ಟಿನ ಬೆರಳಚ್ಚು ಒತ್ತಿ ಕೊಟ್ಟಳು.

ಎರಡು ತಿಂಗಳು ಹುಮನಾಬಾದ್ ರೋಡಿನ
ಟ್ರಾನ್ಸ್‌ಪೋರ್ಟ್ ಆಫೀಸುಗಳ ಮೆಟ್ಟಲಾ ಏರಿ ಇಳದೆ.
‘ಅನುಭವ ಎಷ್ಟದ?’
ಆರು ವರ್ಷರಿ.
‘ಸ್ಟೇರಿಂಗಿಂದು ಕೇಳ್ಲತ್ತೀನಿ.’
ಅದನ್ನ ಯಾರರೆ ಕೊಟ್ರ ಆಗ್ತದ್ರಿ.
‘ಕೊಡ್ತೀವಪಾ, ಮೊದಲ ಅನುಭವ ಮಾಡ್ಕೊಂಡು ಬಾ.’
ಚಾ ಮಾತ್ರ ಎಲ್ಲರೂ ಕುಡಿಸಿದ್ರು.

ಕಡೀಗೆ ಧೂಳಪ್ಪ ಸಾವಕಾರನ ಡ್ರೈವರಗ ಕಾಮಣಿ ಆಯ್ತು.
ಅವನ ಕಣ್ಣು ಹಳದಿ ಆದದ್ದಕ್ಕ ನನಗ ಹಸರು ದೀಪ ಹತ್ತಿತು.
ಹಿಂಗ ಅನಬಾರದು, ಖರೇ.
ಆದ್ರ ಅವತ್ತು ಅಂದ್ಕೊಂಡೆ.

ವಜನ್ ಕಾಟಾದಾಗ ಗುಮಾಸ್ತ
ಚಾಳೀಸಿನ ಮ್ಯಾಲಿಂದ ನನ್ನ ದಾಟಿ ನೋಡಿದ:
‘ಡ್ರೈವರ್ ಎಲ್ಲ್ಯಾನೋ? ಕರಿ ಅವನ್ನ.’
ನಾನೂ ಒಮ್ಮಿ ಹಿಂದ ಹೊರಳಿ ನೋಡಿದೆ.
ಬಾಗಲದಾಗ ಸಂಜಿ ಬಿಸಲು ಬಿಟ್ರ ಯಾರೂ ಇದ್ದಿಲ್ಲ.
‘ನಾನೇರಿ. ಮೌನೇಶ. ಬರಕೋರಿ.’

ಮುನ್ನೂರ ನಲವತ್ತು ಚೀಲ ಸಿಮೆಂಟು ಬೆನ್ನಿಗೆ.
ಹೊಂಡೋಕಿಂತ ಮೊದಲ ಮಶಾಕ್ ಉಸ್ತಾದಗ ಫೋನ್ ಹಚ್ಚಿದೆ.
ಕಣ್ಣಿಗೆ ಪರದಾ ಬಂದು ಮನ್ಯಾಗ ಕುಂತಾನ,
ಕಿವಿ ಇನ್ನೂ ಗಟ್ಟಿ.
‘ಫೋನ್ ಇಂಜಿನ್ ಹತ್ರ ಹಿಡಿ’ ಅಂದ.
ಹಿಡದೆ.
ಭಾಳ ಹೊತ್ತು ಕೇಳಿದ.
‘ಮೂರನೇ ಗೇರಿಗೆ ಬಿಕ್ಕತದ ಅದು. ಬೈಬ್ಯಾಡ.
ಚೂರು ತಡಿ, ಆಮ್ಯಾಲ ಹಾಕು.’
ಸಲಾಂ ಅನ್ನೋದರೊಳಗ ಇಟ್ಟೇಬಿಟ್ಟ.

ಆ ರಾತ್ರಿ ಬಲಗಡೀ ಲೋಕ ಕಂಡೆ.
ಎದುರು ಬರೋದೆಲ್ಲಾ ನನ್ನ ಮೊಳಕೈ ಸವರಿ ಹೋಗ್ಲತ್ತದ:
ಒಂಟಿ ದೀಪದ ಕಬ್ಬಿನ ಟ್ರ್ಯಾಕ್ಟರು,
ಬಸ್ಸಿನ ಕಿಡಕಿಗೆ ಗಲ್ಲ ಒತ್ತಿ ಮಲಗಿದ ಮುದುಕಿ,
ಒಬ್ಬ ಲಾರಿಯವ ಕೈ ಎತ್ತಿದ.
ನನಗೇ?
ನಾ ಎತ್ತೋದರೊಳಗ ಹಿಂದ ಉಳದಿದ್ದ.
ಇಷ್ಟು ವರ್ಷ ಉಸ್ತಾದ ಕತ್ತಲಿಗೆ
ಯಾಕ ಕೈ ಮಾಡ್ತಾನೋ ಅಂತ ನಾ ಕೇಳಿದ್ದೇ ಇಲ್ಲ.

ಎಡಗಡಿ ಭೀಮಶ್ಯಾ, ಮೊನ್ನಿ ಸೇರಿದ ಕ್ಲೀನರ್,
ಮಹಾಗಾಂವ ಕ್ರಾಸಿಗೇ ನಿದ್ದಿಗೆ ಬಿದ್ದಿದ್ದ.
ಯಾರೂ ಬಡೀಲಿಲ್ಲ.
ಆ ಬಾಗಿದ ಜಾಲಿ, ಕಣ್ಣು ಮುಚ್ಚಿ ಹೇಳ್ತೀನಿ ಅಂದ್ನಲ್ಲ, ಅದೇ,
ಎಡಗಡೀ ಕನ್ನಡಿ ಕಿತ್ಕೊಂಡು ಹೋಯ್ತು.

ಬಾಜೂಕ ಹಚ್ಚಿ ಇಳದೆ.
ಹುಡುಗ ಬ್ಯಾಟ್ರಿ ಹಿಡದು ಗಾಜು ಆರಸ್ಲತ್ತಿದ್ದ,
ಕೂಡಿಸಿದ್ರ ಕೂಡ್ತದೇನೋ ಅನ್ನೂ ಹಂಗ.
‘ಅಣ್ಣಾ, ನಾ ಮಲಗಿದ್ದು ಸಾವಕಾರಗ ಹೇಳಬ್ಯಾಡ್ರಿ.’
ಏಳ್ನೂರು ರೂಪಾಯಿ ನಿದ್ದಿ ಮಾಡಿದಿ ಮಗನ, ಅಂದೆ,
ಅಂದು ನಕ್ಕೆ, ನಗು ಎಲ್ಲಿಂದ ಬಂತೋ.
ಪಗಾರದಾಗ ಹಿಡಿಯೋದು ನಂದೇ.
ಅವನ ಕೈ ಹಿಡದು ಆ ತೆಗ್ಗಿನ್ಯಾಗ ಇಟ್ಟೆ:
ಇಲ್ಲಿ ಬಡಿ. ಒಮ್ಮಿ ಅಂದ್ರ ನಿಲ್ಲು.

ಹುಮನಾಬಾದ ದಾಟೂತನಕ ಹುಡುಗ
ಖಾಲಿ ರಸ್ತಾದಾಗೂ ಬಡದೇ ಬಡದ,
ಎರಡೆರಡು, ಎರಡೆರಡು.
ಹಳ್ಳಿಖೇಡದ ಏರಿಗೆ ಮೂರನೇ ಗೇರು ಬಿಕ್ಕಿತು.
ಬೈಲಿಲ್ಲ.
ಚೂರು ತಡದೆ.