ಒಂದು ಸಾಲು ಹಿಂದ

ಹುಮನಾಬಾದದ ನಮ್ಮ ಚರ್ಚಿಗೆ
ಕೀಬೋರ್ಡ್ ಬಂದದ. ಗುಂಡಿ ಒತ್ತಿದರ
ತಾಳ ತಾನೇ ನಡೀತದ,
ಯಾರ ಸಲುವಾಗೂ ನಿಲ್ಲೂದಿಲ್ಲ.

ರೂತ್ ಅಂತ ಹೆಸರಿಟ್ಟರೂ
ತುಳಜಮ್ಮ ಅಂದರಷ್ಟೇ ಓ ಅನ್ನೂ ಮುದುಕಿ,
ಓದು ಬಾರದಾಕಿ, ಮಂದಿ ಹಾಡಿದ್ದು ಕೇಳಿ
ಒಂದು ಸಾಲು ಹಿಂದ ಹಾಡಾಕಿ.
ನಲವತ್ತು ವರ್ಷ ನನ್ನ ಢೋಲಕಿ
ಆಕಿ ಉಸಿರು ತಗೊಳ್ಳೂತನ ಕಾಯ್ತಿತ್ತು;
ಪಾಸ್ಟರು ಗಡಿಯಾರ ನೋಡ್ತಿದ್ದರು.

ಈಗ ಢೋಲಕಿ ಮನ್ಯಾಗ, ಜ್ವಾಳದ ಡಬ್ಬಿ ಮ್ಯಾಲ.

ಮೊನ್ನಿ ಐತಾರ ಹಾಡು ಮುಗೀತು.
ಹುಡುಗ ಗುಂಡಿ ಒತ್ತಿ ತಾಳ ಆರಿಸಿದ.
ಎಲ್ಲಾರು ಕುಂತರು.
ಆಕಿದಿನ್ನೂ ಒಂದು ಸಾಲು ಉಳಿದಿತ್ತು.
ಮೊಮ್ಮಗಳು ಸೆರಗು ಜಗ್ಗಿದಳು.

ಹಿಂದಿನ ಜಮಖಾನಿ ಮ್ಯಾಲ
ನನ್ನ ಕೈ, ನನ್ನ ಕೇಳದನ,
ತೊಡಿ ಬಡೀಲಕ್ಕ ಹತ್ತಿತು.